ಬಣ್ಣ ಹತ್ತದ ಎಳೆ

ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರ ತಲೆಯನ್ನು ಹದಿನೈದು ದಿನ ಬಿಟ್ಟು ನೋಡಬೇಕು. ಮುಳಬಾಗಿಲು ತಿರುಪತಿ ಬೆಟ್ಟದ ದಾರಿಯಲ್ಲೇ ಇದೆ, ಶ್ರೀನಿವಾಸಪುರಕ್ಕೂ ಬೆಟ್ಟ ದೂರವಲ್ಲ. ಈ ಕೋಲಾರ ಸೀಮೆಯ ಬಸ್‌ಸ್ಟ್ಯಾಂಡುಗಳಲ್ಲಿ ಅಂಥ ತಲೆಗಳಿಗೆ ಬರವಿಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಕೂದಲು ಆ ಹೊತ್ತಿಗೆ ಅದರ ಅರ್ಧದಷ್ಟು ಚಿಗುರಿರುತ್ತದೆ. ಎಣ್ಣೆಯಿಲ್ಲ, ಬೈತಲೆಯಿಲ್ಲ, ಡೈ ಇಲ್ಲ. ನರೆಯನ್ನು ಕಣ್ತುಂಬ ನೋಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಹತ್ತಿರದಿಂದ ನೋಡಿದರೆ ಬೂದು ಎಳೆಗಳು ಕಡಿಮೆ. ಕರಿಯವು, ಬಿಳಿಯವು ಅಕ್ಕಪಕ್ಕ ನಿಂತಿರುತ್ತವೆ. ಬೆರೆಸಿ ಬೂದು ಮಾಡುವುದು ನಮ್ಮ ಕಣ್ಣು. ಬಿಳಿಯ ಎಳೆಗೂ ಬಿಳಿಬಣ್ಣವೇನಿಲ್ಲ. ಕೂದಲಿನ ಮೂಲವಸ್ತುವಾದ ಕೆರಾಟಿನ್‌ಗೆ ಸ್ವಂತ ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ತಿಳಿಯಾದ ಉಪ್ಪಿನ ಹರಳುಗಳು ರಾಶಿಯಾದಾಗ ಬೆಳ್ಳಗಾಗುವಂತೆ, ಬೆಳಕು ಚದುರಿ ಅದು ಬಿಳಿ ಕಾಣುತ್ತದೆ. ಅಂದರೆ ಕರಿಗೂದಲೇ ಬಣ್ಣ ಹಚ್ಚಿಸಿಕೊಂಡದ್ದು!

ಹಚ್ಚುವವು ಕೂದಲ ಬುಡದ ಮೆಲನೋಸೈಟ್‌ಗಳು. ಒಂದು ಎಳೆ ಉದುರಿ ಇನ್ನೊಂದು ಹುಟ್ಟುವಾಗ ಹೊಸ ಮೆಲನೋಸೈಟ್‌ಗಳು ಬೇಕು. ಅವುಗಳ ತಾಯಿಕೋಶಗಳು ವಯಸ್ಸಾದಂತೆ ಬರಿದಾಗುತ್ತವೆ. 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ನ್ಯೂಯಾರ್ಕಿನ ಸಂಶೋಧಕರು ಇಲಿಗಳಲ್ಲಿ ಕಂಡದ್ದೆಂದು ಬರೆದದ್ದು ಇನ್ನೂ ಸ್ವಾರಸ್ಯ: ತಾಯಿಕೋಶಗಳು ಉಳಿದಿದ್ದರೂ ಬುಡದ ಕಡೆಗೆ ಹೋಗಲಾರದೆ ಮೇಲೆಯೇ ಸಿಕ್ಕಿಕೊಳ್ಳುತ್ತವೆ. ಬಣ್ಣವಿದ್ದೂ ಬಳಿಯುವ ಜಾಗಕ್ಕೆ ತಲುಪದ ಪಾಡು.

ನರೆ ಮೊದಲು ಕಿವಿಯ ಬಳಿ ಇಣುಕುವುದನ್ನು ಕಾಳಿದಾಸ ಬಿಟ್ಟಿಲ್ಲ. ರಘುವಂಶದಲ್ಲಿ ದಶರಥನ ಕಿವಿಯ ಪಕ್ಕ ಬಂದ ಮುಪ್ಪು, ಕೈಕೇಯಿಗೆ ಹೆದರಿ ನರೆಯ ವೇಷದಲ್ಲಿ, ರಾಮನಿಗೆ ರಾಜ್ಯ ಕೊಡೆಂದು ಪಿಸುಗುಟ್ಟುತ್ತದೆ. ಎಷ್ಟು ತುಂಟ ಕಲ್ಪನೆ!

ಕೋಲಾರದ ಕ್ಲಾಕ್ ಟವರ್ ಕಡೆ ಶುಕ್ರವಾರ ಮಧ್ಯಾಹ್ನ ನಿಂತರೆ ಗೋರಂಟಿ ಹಚ್ಚಿದ ಹಿರಿಯರ ಗಡ್ಡ ಕಾಣಸಿಗುತ್ತದೆ. ಗೋರಂಟಿಯ ಕೆಂಪು ಕರಿಯ ಎಳೆಯಲ್ಲಿ ಅಡಗಿಹೋಗುತ್ತದೆ, ಬಿಳಿಯದರಲ್ಲಿ ಮಾತ್ರ ಕೇಸರಿಯಾಗಿ ಹೊಳೆಯುತ್ತದೆ. ನರೆಯನ್ನು ಮುಚ್ಚದೆ ಅದನ್ನೇ ಎತ್ತಿ ತೋರಿಸುವ ಬಣ್ಣ ಅದು. ಪ್ಯಾಕೆಟ್ ಡೈಯ ಒಂದೇ ಸಮನಾದ ಕಡುಕಪ್ಪಿಗೆ ಆ ಕಳೆಯಿಲ್ಲ. ಹಣೆಯಂಚಿನ ಕಲೆಯೇ ಗುಟ್ಟು ಬಿಟ್ಟುಕೊಡುತ್ತದೆ.

ಮುಂದಿನ ಸಲ ಕಟಿಂಗ್ ಶಾಪಿನಲ್ಲಿ ಬಟ್ಟೆಯ ಮೇಲೆ ಬಿದ್ದ ಬಿಳಿಗೂದಲೊಂದನ್ನು ಕೊಡವಿಬಿಡಬೇಡಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ.