ಮೂರು ಮೀಟರ್ ದೂರದ ಋಣ

ಹಳೆಯ ಫಿಲ್ಮ್ ಕ್ಯಾಮೆರಾಗಳಿಗೆ ಮತ್ತೆ ಕಾಲ ಬಂದಿದೆ. ಅಪ್ಪನ ಕಾಲದ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಭಾನುವಾರ ಬೆಳಗ್ಗೆ ಮುಂಬೈ ಬೀದಿ ಸುತ್ತುವ ಹುಡುಗ ಹುಡುಗಿಯರು ಈಗ ಅಪರೂಪವಲ್ಲ. ಯಾಕೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ: ಫಿಲ್ಮಿನ 'ಲುಕ್' ಬೇರೆಯೇ, ಸಣ್ಣ ಕ್ಯಾಮೆರಾ ಯಾರ ಕಣ್ಣಿಗೂ ಬೀಳುವುದಿಲ್ಲ. ಒಲಿಂಪಸ್ ಎಕ್ಸ್‌ಎ ಎಂಬ ಪುಟ್ಟ ಕ್ಯಾಮೆರಾದಲ್ಲಿ ಮೂರು ರೋಲು ಮುಗಿಸಿದ ಮೇಲೆ, ಈ ಎರಡೂ ಹೊಗಳಿಕೆಗಳು ಅದರ ನಿಜವಾದ ಗುಣವನ್ನು ಮುಟ್ಟುವುದಿಲ್ಲ ಎಂದು ನನಗೆ ಅನಿಸಿದೆ.

ಮೊದಲು ಯಂತ್ರದ ವಿಚಾರ. ಎಕ್ಸ್‌ಎ ಬಂದದ್ದು 1979ರಲ್ಲಿ; ರೂಪಿಸಿದವರು ಯೊಶಿಹಿಸಾ ಮೈತಾನಿ. ಮುಂದಿನ ಮುಚ್ಚಳ ಸರಿಸಿದರೆ ಕ್ಯಾಮೆರಾ ಸಿದ್ಧ, ಮುಚ್ಚಿದರೆ ಅಂಗಿಯ ಜೇಬಿಗೆ ಇಳಿಯುವ ಕಪ್ಪು ಸಾಬೂನು. ತೂಕ ಸುಮಾರು 225 ಗ್ರಾಂ. ಅಷ್ಟರೊಳಗೆ ಎಫ್/2.8ರ 35 ಮಿ.ಮೀ. ಲೆನ್ಸು, ದೂರ ಅಳೆಯುವ ರೇಂಜ್‌ಫೈಂಡರ್, ಬೆಳಕು ಅಳೆಯುವ ಮೀಟರ್ ಎಲ್ಲ ಇವೆ. ಅಪರ್ಚರ್ ನಾವು ಇಡಬೇಕು, ಶಟರ್ ವೇಗವನ್ನು ಅದೇ ಆರಿಸಿಕೊಳ್ಳುತ್ತದೆ. ಬ್ಯಾಟರಿ ಸತ್ತರೆ ಶಟರೂ ಸತ್ತಂತೆ. ಕೊಳ್ಳುವವರು ಇದನ್ನು ನೆನಪಿಡಬೇಕು.

ಬೀದಿಯಲ್ಲಿ ಫೋಕಸ್ ಮಾಡುತ್ತ ನಿಲ್ಲಲು ಪುರುಸೊತ್ತಿಲ್ಲ ಎಂದು 5.6 ಮತ್ತು ಮೂರು ಮೀಟರ್ ಎಂಬ ಎರಡು ಗುರುತುಗಳಿಗೆ ಕಿತ್ತಳೆ ಬಣ್ಣ ಬಳಿದಿದ್ದಾರೆ. ಎರಡನ್ನೂ ಅಲ್ಲಿಟ್ಟರೆ ಸುಮಾರು ಎರಡರಿಂದ ಐದು ಮೀಟರ್‌ವರೆಗೆ ಇರುವುದೆಲ್ಲ ಸ್ಪಷ್ಟ. ಆದರೆ ಈ ಸೂತ್ರ ನಮ್ಮ ಬಿಸಿಲಿಗೆ ಹೇಳಿದ್ದಲ್ಲ. ಎಕ್ಸ್‌ಎಯ ಅತಿ ಹೆಚ್ಚಿನ ವೇಗ ಸೆಕೆಂಡಿನ 500ನೇ ಒಂದು ಭಾಗ. 400ರ ಫಿಲ್ಮ್ ಹಾಕಿ ಮಧ್ಯಾಹ್ನದ ರಸ್ತೆಯಲ್ಲಿ 5.6ಕ್ಕೆ ತೆಗೆದರೆ ಬೆಳಕು ವಿಪರೀತ ಹೆಚ್ಚಾಗುತ್ತದೆ. ಅಲ್ಲಿ 16ಕ್ಕೆ ಹೋಗಬೇಕು. ಕಿತ್ತಳೆ ಗುರುತು ಬೆಳಗಿನ ನೆರಳಿಗೆ, ಮಳೆಗಾಲದ ಮೋಡಕ್ಕೆ ಸರಿ.

ಇನ್ನು 'ಲುಕ್'. ಕಪ್ಪುಬಿಳುಪು ಫಿಲ್ಮಿನ ಹರಳುಹರಳಾದ ಮೈ ಚೆಂದವೇ. ಆದರೆ ಅದು ಏನನ್ನೂ ಹೇಳದ ಚಿತ್ರಕ್ಕೂ ಏನೋ ಹೇಳುತ್ತಿರುವ ಗಾಂಭೀರ್ಯ ಕೊಟ್ಟುಬಿಡುತ್ತದೆ. ನಿನ್ನೆ ತೆಗೆದ ಟ್ಯಾಕ್ಸಿ ಐವತ್ತು ವರ್ಷ ಹಳೆಯದಾಗಿ ಕಾಣುತ್ತದೆ, ಅಷ್ಟೆ. ಬೀದಿ ಛಾಯಾಗ್ರಹಣಕ್ಕೆ ಬೇಕಾದದ್ದು ಇವತ್ತಿನ ಬೀದಿ. ಅದಕ್ಕೆ ಹಳೆತನದ ಬಣ್ಣ ಬಳಿದರೆ ಎದುರಿಗಿದ್ದ ಮನುಷ್ಯ ಬದುಕಿರುವಾಗಲೇ ನೆನಪಾಗಿಬಿಡುತ್ತಾನೆ.

ಎರಡನೆಯ ಹೊಗಳಿಕೆ, ಕಾಣದಿರುವಿಕೆ, ದೊಡ್ಡ ಪರಂಪರೆಯಿಂದ ಬಂದದ್ದು. ಹೊಳಪು ಕಾಣಬಾರದೆಂದು ಕಾರ್ಟಿಯೆ-ಬ್ರೆಸೊನ್ ತನ್ನ ಲೈಕಾಗೆ ಕಪ್ಪು ಟೇಪು ಸುತ್ತಿದ್ದ. ಎಕ್ಸ್‌ಎ ಹುಟ್ಟುತ್ತಲೇ ಕಪ್ಪು, ಶಟರಿನ ಸದ್ದು ಲೋಕಲ್ಲಿನ ಗದ್ದಲದಲ್ಲಿ ನಮಗೇ ಕೇಳದು. ಇದನ್ನು ಪರೀಕ್ಷಿಸಲೆಂದೇ ಮೊದಲ ರೋಲನ್ನು ಸೊಂಟದ ಮಟ್ಟದಿಂದ, ಯಾರಿಗೂ ತಿಳಿಯದಂತೆ ತೆಗೆದೆ. ಉಳಿದೆರಡನ್ನು ಕ್ಯಾಮೆರಾ ಕಣ್ಣಿಗಿಟ್ಟು, ಎದುರಿನವರಿಗೆ ಕಾಣುವಂತೆ ತೆಗೆದೆ. ಜಾಗ ಒಂದೇ: ಆಫೀಸಿಗೆ ಹೊರಡುವ ಮುನ್ನ ಮಾಟುಂಗಾದ ಹೂವಿನ ಓಣಿ.

ಮೊದಲ ರೋಲಿನಲ್ಲಿ ಬೆನ್ನುಗಳಿವೆ, ಬುಟ್ಟಿಗಳಿವೆ, ಅರ್ಧ ಕತ್ತರಿಸಿದ ಭುಜಗಳಿವೆ. ಕೆಲವು ಚೌಕಟ್ಟುಗಳು ಜಾಣತನದವು. ಆದರೆ ಒಂದರಲ್ಲೂ ಯಾರೂ ಇಲ್ಲ. ಉಳಿದೆರಡರಲ್ಲಿ ಮಲ್ಲಿಗೆ ಕಟ್ಟುವವರೊಬ್ಬರು ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ನನ್ನನ್ನು ದಿಟ್ಟಿಸಿದ ಚಿತ್ರವಿದೆ. 'ಇವನಿಗೇನು ಕೆಲಸವಿಲ್ಲವೇ' ಎಂಬ ಆ ನೋಟವೇ ಚಿತ್ರದ ಜೀವ. ತೆಗೆದಾದ ಮೇಲೆ ಅವರು "ದಿಖಾವ್" ಅಂದರು. ಕ್ಯಾಮೆರಾ ತಿರುಗಿಸಿ ಬೆನ್ನು ತೋರಿಸಿದೆ. ಅಲ್ಲಿ ಪರದೆಯೇ ಇಲ್ಲ. ಹಾಗಾದರೆ ಯಾವಾಗ ಎಂದು ಕೇಳಿದರು.

ಈ ಕ್ಯಾಮೆರಾದ ಗುಣ ಆ ಪ್ರಶ್ನೆಯಲ್ಲಿದೆ. ಫೋನಿನಲ್ಲಾದರೆ ತಕ್ಷಣ ತೋರಿಸಿ, ಇಬ್ಬರೂ ನಕ್ಕು ಲೆಕ್ಕ ಚುಕ್ತಾ ಮಾಡಬಹುದು. ಫಿಲ್ಮಿನಲ್ಲಿ ಲೆಕ್ಕ ಬಾಕಿ ಉಳಿಯುತ್ತದೆ. ರೋಲು ಮುಗಿಯಬೇಕು, ತೊಳೆಸಬೇಕು, ಪ್ರಿಂಟು ಹಿಡಿದು ಅದೇ ಓಣಿಗೆ ಮತ್ತೆ ಹೋಗಬೇಕು. ಝೂಮ್ ಇಲ್ಲದ 35 ಮಿ.ಮೀ. ಲೆನ್ಸು ಮೊದಲೇ ನಮ್ಮನ್ನು ಮೂರು ಮೀಟರ್ ಹತ್ತಿರಕ್ಕೆ ತಂದಿರುತ್ತದೆ. ಮಾತು ಕೇಳಿಸುವ ದೂರ ಅದು.

ಊರು ಬಿಟ್ಟು ಬಂದ ನಮಗೆ ಇದು ಸಣ್ಣ ಸಂಗತಿಯಲ್ಲ. ಮುಂಬೈಯ ಹಮಾಲಿ, ಕಲಬುರಗಿ ಕಡೆಯಿಂದ ಬಂದ ಗಾರೆ ಕೆಲಸದವರು, ಹೂವಿನವರು ನಮ್ಮ ಚಿತ್ರಗಳಲ್ಲಿ 'ನಗರದ ಬದುಕು' ಆಗಿಬಿಡುತ್ತಾರೆ. ಅವರೂ ನಮ್ಮಂತೆಯೇ ರೈಲು ಹತ್ತಿ ಬಂದವರು. ಲೋಕಲ್ಲಿನ ಬಾಗಿಲಲ್ಲಿ ಬೆವರುತ್ತ ಜೋತಾಡುವ ನಮ್ಮನ್ನು ಯಾರಾದರೂ ಕದ್ದು ತೆಗೆದು ಗೋಡೆಗೆ ಹಾಕಿದರೆ ನಾವು ಅದನ್ನು ಕಲೆ ಎಂದು ಒಪ್ಪುತ್ತೇವೆಯೇ?

ಮೈಸೂರಿನ ಟಿ. ಎಸ್. ಸತ್ಯನ್ ನೆನಪಾಗುತ್ತಾರೆ. ಎಕ್ಸ್‌ಎ ಬಂದ ಅದೇ 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಅಂಗವಾಗಿ, ಅವರು ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿಸಿತು. ಆ ಮಕ್ಕಳನ್ನು ನೋಡುವಾಗ ಯಾರೋ ಅಡಗಿ ಕೂತು ತೆಗೆದರು ಅನಿಸುವುದಿಲ್ಲ. ಪರಿಚಯದವರೊಬ್ಬರು ಪಕ್ಕದಲ್ಲಿ ಇದ್ದರು ಅನಿಸುತ್ತದೆ.

ಕೇಳಿಯೇ ತೆಗೆದರೆ ಸಹಜತೆ ಹೋಗುತ್ತದೆ ಎಂಬ ವಾದವಿದೆ. ಪೋಸ್ ಕೊಡಿಸಿದರೆ ಹೋಗುವುದು ನಿಜ. ಆದರೆ ಕಾಣುವಂತೆ ನಿಲ್ಲುವುದು ಬೇರೆ, ಪೋಸ್ ಕೊಡಿಸುವುದು ಬೇರೆ. ಎರಡನೆಯ ಸಲ, ಮೂರನೆಯ ಸಲ ಹೋದಾಗ ಓಣಿ ತನ್ನ ಕೆಲಸಕ್ಕೆ ಮರಳುತ್ತದೆ. ನಾವು ಅಲ್ಲೇ ಇರುತ್ತೇವೆ.

ಖರ್ಚಿನ ಮಾತು: ರೋಲು, ತೊಳೆಸುವುದು, ಸ್ಕ್ಯಾನ್ ಸೇರಿ ಪ್ರತಿ ಸಲ ಸಾವಿರ ರೂಪಾಯಿ ದಾಟುತ್ತದೆ. ಸಿಗುವುದು 36 ಚಿತ್ರ. ಬರೀ ಲುಕ್ ಬೇಕಾದವರಿಗೆ ಫೋನಿನ ಫಿಲ್ಟರ್ ಸಾಕು. ಕದ್ದು ತೆಗೆಯುವುದಕ್ಕೂ ಫೋನೇ ಮೇಲು. ಕೈಯಲ್ಲಿ ಫೋನು ಹಿಡಿದವರನ್ನು ಈಗ ಯಾರೂ ತಿರುಗಿ ನೋಡುವುದಿಲ್ಲ. ದಿನಾ ದಾಟಿ ಹೋಗುವ ಒಂದು ರಸ್ತೆಯಲ್ಲಿ ನಾಲ್ಕು ಜನರ ಗುರುತು ಬೇಕು ಅನ್ನುವವರಿದ್ದರೆ, ಪ್ರಿಂಟಿನ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ ಎಕ್ಸ್‌ಎ ಕೊಳ್ಳಲಿ.