ವಜ್ರಕ್ಕೆ ಚಿನ್ನದ ಬಣ್ಣ ಬಳಿಯಬೇಡಿ

ಕೋಡಿನ ಬಿಲ್ಲು ಈ ವಾರ ಎಂದು ಅಂಕಣ ಕಳೆದ ವಾರವೇ ಮಾತು ಕೊಟ್ಟಿತ್ತು. ಬಿಲ್ಲಿನ ಮಾತು ಬರುತ್ತದೆ, ಆದರೆ ಅದಕ್ಕೂ ಮುಂಚೆ ಕಮತಗಿಯಿಂದ ಬಂದ ಒಂದು ಕಾಗದಕ್ಕೆ ಉತ್ತರ ಹೇಳಬೇಕು. ಜಾತ್ರೆಗೆ ಆಡಲು ಊರ ಹುಡುಗರು ಕರ್ಣನ ದೊಡ್ಡಾಟ ಕಲಿಯುತ್ತಿದ್ದಾರಂತೆ. ಬ್ರಾಹ್ಮಣನ ವೇಷ ಹಾಕಿಕೊಂಡು ಕವಚ ಬೇಡಲು ಬರುವ ಮುನ್ನ ಇಂದ್ರ ತನ್ನ ನಿಜರೂಪದಲ್ಲಿ ಒಮ್ಮೆ ರಂಗಕ್ಕೆ ಬರುತ್ತಾನೆ. ಆಗ ಅವನ ಕೈಯಲ್ಲಿ ವಜ್ರಾಯುಧ ಇರಬೇಕು. ಮರದಲ್ಲಿ ಕೆತ್ತಿದ್ದಾಗಿದೆ, ಚಿನ್ನದ ಬಣ್ಣದ ಡಬ್ಬಿಯೂ ತಂದಿದ್ದಾಗಿದೆ. ಹಿರಿಯರೊಬ್ಬರು ಮಾತ್ರ ‘ಅದು ಎಲುಬಲ್ಲವೇನಪ್ಪಾ?’ ಎಂದು ಕೇಳಿ ಕೆಲಸ ನಿಲ್ಲಿಸಿದ್ದಾರೆ.

ಹಿರಿಯರ ಮಾತೇ ಸರಿ. ಅದು ಎಲುಬು, ಎಲುಬಿನ ಬಣ್ಣವನ್ನೇ ಬಳಿಯಿರಿ.

ಚಿನ್ನದ ಬಣ್ಣದ ಮೇಲೆ ಈ ಅಂಕಣದ ಜಗಳ ಹಳೆಯದು. ಕ್ಯಾಲೆಂಡರಿನ ಚಿತ್ರಗಳಿಂದ ಹಿಡಿದು 1988ರಲ್ಲಿ ದೂರದರ್ಶನದಲ್ಲಿ ಶುರುವಾದ ಮಹಾಭಾರತದವರೆಗೆ, ಅಲ್ಲಿಂದ ಇವತ್ತಿನ ಪೌರಾಣಿಕ ಧಾರಾವಾಹಿಗಳವರೆಗೆ, ದೇವತೆಗಳ ಕೈಯಲ್ಲಿರುವುದೆಲ್ಲ ಹಳದಿಯಾಗುತ್ತಲೇ ಬಂದಿದೆ. ಬಿಲ್ಲು, ಗದೆ, ಕವಚ, ಶಂಖದ ಅಂಚು, ವಜ್ರ, ಎಲ್ಲಕ್ಕೂ ಒಂದೇ ಮಿರುಗು. ಕೋಡು, ಎಲುಬು, ತೊಗಲು, ಚಿಪ್ಪು ಯಾವುದೂ ಕಾಣುವುದಿಲ್ಲ. ಯಾವ ಆಯುಧ ಯಾರ ಮೈಯಿಂದ ಬಂತು ಎಂಬುದು ಈ ಕಥೆಗಳ ಜೀವ. ಚಿನ್ನದ ಬಣ್ಣ ಮೊದಲು ಮುಚ್ಚುವುದು ಅದನ್ನೇ.

ಚಿನ್ನದ ಪಕ್ಷಕ್ಕೂ ಆಧಾರವಿದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. ಋಗ್ವೇದದಲ್ಲಿ ತ್ವಷ್ಟೃ ಕಡೆದ ವಜ್ರ ಹೊನ್ನಿನದು ಎನ್ನುವ ಮಾತಿದೆ, ಲೋಹದ್ದು ಎನ್ನುವ ಮಾತೂ ಇದೆ. ಅದೇ ಋಗ್ವೇದ ಇನ್ನೊಂದೆಡೆ ದಧ್ಯಂಚನ, ಅಂದರೆ ಮುಂದಿನ ಕಥೆಗಳ ದಧೀಚಿ ಋಷಿಯ, ಎಲುಬುಗಳಿಂದ ಇಂದ್ರ ವೈರಿಗಳನ್ನು ಕೊಂದ ಎಂದೂ ಹೇಳುತ್ತದೆ. ಹಾಗಾಗಿ ವೇದದ ಇಂದ್ರನನ್ನು ಬಿಡಿಸುವವರು ವಜ್ರಕ್ಕೆ ಚಿನ್ನ ಬಳಿದರೆ ತಕರಾರಿಲ್ಲ. ಪುರಾಣದ ಇಂದ್ರನನ್ನು, ಅದರಲ್ಲೂ ಕರ್ಣನ ಎದುರು ನಿಲ್ಲುವ ಇಂದ್ರನನ್ನು ರಂಗಕ್ಕೆ ತರುವವರಿಗೆ ಆ ಸ್ವಾತಂತ್ರ್ಯವಿಲ್ಲ. ಯಾಕೆಂದು ತಿಳಿಯಲು ವನಪರ್ವಕ್ಕೇ ಹೋಗಬೇಕು.

ವೃತ್ರನನ್ನು ಮುಂದಿಟ್ಟುಕೊಂಡು ಕಾಲಕೇಯರು ದೇವತೆಗಳನ್ನು ಅಟ್ಟಾಡಿಸುತ್ತಿದ್ದ ಕಾಲ. ದೇವತೆಗಳು ಬ್ರಹ್ಮನ ಬಳಿಗೆ ಓಡಿದರು. ಎಲ್ಲರೂ ಸೇರಿ ದಧೀಚಿಯ ಬಳಿಗೆ ಹೋಗಿ, ಲೋಕದ ಹಿತಕ್ಕಾಗಿ ನಿನ್ನ ಎಲುಬು ಕೊಡು ಎಂದು ಬೇಡಿರಿ ಎಂದ ಬ್ರಹ್ಮ. ಸರಸ್ವತಿ ನದಿಯ ಆಚೆ ದಡದಲ್ಲಿ ಋಷಿಯ ಆಶ್ರಮ, ಹೂಬಿಟ್ಟ ಮರ, ದುಂಬಿಗಳ ಸದ್ದು, ಹೆದರಿಕೆಯಿಲ್ಲದೆ ಅಡ್ಡಾಡುವ ಮೃಗಗಳು. ಕೊಲೆಯ ಆಯುಧಕ್ಕೆ ಸಾಮಗ್ರಿ ಕೇಳಲು ಹೊರಟವರ ದಾರಿಯಲ್ಲಿ ವ್ಯಾಸರು ಇಷ್ಟು ಚೆಲುವನ್ನು ಹರಡಿದ್ದಾರೆ. ದೇವತೆಗಳು ಕಾಲಿಗೆ ಬಿದ್ದು ಕೇಳಿದರು. ಋಷಿ ವಾದ ಮಾಡಲಿಲ್ಲ, ಷರತ್ತು ಹಾಕಲಿಲ್ಲ. ನಿಮಗೆ ಹಿತವಾದದ್ದನ್ನು ಮಾಡುತ್ತೇನೆ ಎಂದವನೇ ಪ್ರಾಣ ಬಿಟ್ಟ. ದೇವತೆಗಳು ಎಲುಬು ಆಯ್ದುಕೊಂಡು ತ್ವಷ್ಟೃವಿಗೆ ಕೊಟ್ಟರು. ಅವನು ಆರು ಅಂಚಿನ ವಜ್ರ ಮಾಡಿಕೊಟ್ಟ.

ಇಲ್ಲಿಂದ ಮುಂದಿನದನ್ನು ಧಾರಾವಾಹಿಗಳು ತೋರಿಸುವುದೇ ಇಲ್ಲ. ಇಂದ್ರ ವಜ್ರ ಎಸೆದ, ವೃತ್ರ ಬೆಟ್ಟದಂತೆ ಉರುಳಿದ. ಗೆದ್ದವನು ಮಾತ್ರ ಹೆದರಿ ಓಡಿಹೋಗಿ ಸರೋವರ ಹೊಕ್ಕ. ವಜ್ರ ತನ್ನ ಕೈ ಬಿಟ್ಟು ಹೋದದ್ದೂ ವೈರಿ ಸತ್ತದ್ದೂ ಅವನಿಗೆ ಅರಿವಾಗಿರಲಿಲ್ಲ. ಎಲುಬು ಕೊಟ್ಟವನಿಗೆ ಇಲ್ಲದ ಭಯ ಆ ಎಲುಬನ್ನು ಹಿಡಿದವನಿಗೆ ಇತ್ತು. ಶಲ್ಯಪರ್ವ ಇದೇ ಕಥೆಯನ್ನು ಇನ್ನೊಮ್ಮೆ ಹೇಳುವಾಗ ದಧೀಚಿಯ ಎಲುಬಿನಿಂದ ವಜ್ರವಷ್ಟೇ ಅಲ್ಲ, ಚಕ್ರ, ಗದೆ, ದಂಡಗಳೂ ಆದವು ಎನ್ನುತ್ತದೆ. ಒಬ್ಬ ಋಷಿಯ ದೇಹದಿಂದ ಒಂದು ಆಯುಧಶಾಲೆಯೇ ಎದ್ದಿತು.

ಅದೇ ವನಪರ್ವದ ಕೊನೆಯ ಭಾಗದಲ್ಲಿ ಇಂದ್ರ ಮತ್ತೆ ಬೇಡಲು ಹೊರಡುತ್ತಾನೆ, ಈ ಸಲ ಕರ್ಣನ ಬಾಗಿಲಿಗೆ. ಕಥೆಗಾರರು ಇವೆರಡನ್ನು ಬೇರೆಬೇರೆಯಾಗಿ ಹೇಳುತ್ತಾರೆ. ಎರಡನ್ನೂ ಜೊತೆಗಿಟ್ಟು ಓದಬೇಕು. ಒಮ್ಮೆ ದೇವತೆಗಳೊಡನೆ ಹೋಗಿ ಬೇರೊಬ್ಬರ ಮೈಯಿಂದ ಆಯುಧ ತಂದವನು ಇನ್ನೊಮ್ಮೆ ಒಬ್ಬನೇ ಹೋಗಿ ಬೇರೊಬ್ಬರ ಮೈಯಿಂದ ಕವಚ ತರುತ್ತಾನೆ. ಸೂರ್ಯ ಕನಸಿನಲ್ಲಿ ಬಂದು ಎಚ್ಚರಿಸಿದ್ದರೂ ಕರ್ಣ ಇಲ್ಲವೆನ್ನಲಿಲ್ಲ. ಹುಟ್ಟಿದಾಗಿನಿಂದ ಮೈಗೆ ಅಂಟಿಕೊಂಡಿದ್ದ ಕವಚವನ್ನು ತಾನೇ ಕೊಯ್ದು, ಇನ್ನೂ ಹಸಿಯಾಗಿದ್ದಾಗಲೇ ಇಂದ್ರನ ಕೈಗಿತ್ತ. ಮುಖದಲ್ಲಿ ನೋವಿನ ಗೆರೆ ಮೂಡಲಿಲ್ಲ. ದಧೀಚಿ ಬದಲಿಗೆ ಏನೂ ಕೇಳಿರಲಿಲ್ಲ. ಕರ್ಣ ಶಕ್ತ್ಯಾಯುಧ ಕೇಳಿದ, ಮೈ ವಿಕಾರವಾಗಬಾರದು ಎಂದೂ ಕೇಳಿದ. ಅರ್ಜುನನಿಗಾಗಿ ಕಾದಿಟ್ಟ ಆ ಶಕ್ತಿ ಕೊನೆಗೆ ಘಟೋತ್ಕಚನ ಎದೆ ಹೊಕ್ಕಿತು.

ಅಮೃತದಿಂದ ಹುಟ್ಟಿದ, ಹೊನ್ನಿನಂಥ ಕವಚ ಎಂದು ವ್ಯಾಸರು ಹೇಳುವುದು ಕರ್ಣನ ಈ ಕವಚವನ್ನು. ರಂಗದ ಮೇಲೆ ಹೊಳೆಯಬೇಕಾದ ಚಿನ್ನ ಇದೊಂದೇ. ಸುತ್ತ ನಿಂತ ಐವತ್ತು ಜನ ಸೈನಿಕರ ಎದೆಯ ಮೇಲೂ ಅದೇ ಮಿರುಗು ಇದ್ದರೆ ಕರ್ಣ ಕೊಯ್ದು ಕೊಟ್ಟದ್ದು ಏನು ಎಂದು ಮುಂದೆ ಕೂತ ಮಗುವಿಗೆ ಹೇಗೆ ತಿಳಿಯಬೇಕು? ಎಲುಬು ಹಿಡಿದ ಇಂದ್ರ ಎಲುಬಿನ ಬಣ್ಣದಲ್ಲಿ ಬರಲಿ, ಕರ್ಣ ಚಿನ್ನದಲ್ಲಿ ಬರಲಿ. ಕೊಡುವ ಗಳಿಗೆಯಲ್ಲಿ ಆ ಚಿನ್ನ ಒಬ್ಬನ ಮೈಬಿಟ್ಟು ಇನ್ನೊಬ್ಬನ ಕೈಗೆ ಹೋಗುವುದು ಹಿಂದಿನ ಸಾಲಿಗೂ ಕಾಣಲಿ. ದೊಡ್ಡಾಟದ ವೇಷಕ್ಕೆ ಕನ್ನಡಿ ಚೂರು, ಬಣ್ಣದ ಕಾಗದ, ಹಗುರ ಮರ ಇದ್ದೇ ಇವೆ. ಅವನ್ನು ಯಾರಿಗೆ ಎಷ್ಟು ಹಚ್ಚಬೇಕು ಎಂಬ ವಿವೇಕವೊಂದಿದ್ದರೆ ಸಾಕು.

ಗಣರಾಜ್ಯದ ಅತಿ ದೊಡ್ಡ ಶೌರ್ಯ ಪದಕಕ್ಕೆ ಈ ವಿವೇಕವಿತ್ತು. 1950ರ ಜನವರಿ 26ರಂದು ಸ್ಥಾಪನೆಯಾದ ಪರಮವೀರ ಚಕ್ರದ ಮೇಲೆ ಇಂದ್ರನ ನಾಲ್ಕು ವಜ್ರಗಳಿವೆ. ವಿನ್ಯಾಸ ಮಾಡಿದ ಸಾವಿತ್ರಿ ಖಾನೋಲ್ಕರ್ ಅವರ ಮನಸ್ಸಿನಲ್ಲಿದ್ದದ್ದು ದಧೀಚಿಯ ತ್ಯಾಗ. ಆ ಪದಕ ಚಿನ್ನದ್ದಲ್ಲ, ಕಂಚಿನದು.

ಇನ್ನು ಬಿಲ್ಲಿಗೆ ಬರೋಣ.

ವಿಷ್ಣುವಿನ ಶಾರ್ಙ್ಗ ಕೋಡಿನ ಬಿಲ್ಲು ಎಂಬುದು ಈ ಅಂಕಣದ ಓದುಗರಿಗೆ ಗೊತ್ತಿರುವುದೇ. ಅದನ್ನು ಬರೀ ಕವಿಕಲ್ಪನೆ ಎನ್ನುವವರ ಬಾಯಿ ಕಟ್ಟಿಸಿದ್ದು ಮೈಸೂರು. ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದಿದ್ದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇರುವುದನ್ನು ಗುರುತಿಸಿದವರು ರುದ್ರಪಟ್ಟಣದ ಶಾಮಾಶಾಸ್ತ್ರಿಗಳು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ತಂದರು. ಅದರ ಎರಡನೆಯ ಅಧಿಕರಣದಲ್ಲಿ ಆಯುಧಾಗಾರದ ಅಧ್ಯಕ್ಷನ ಅಧ್ಯಾಯವಿದೆ. ರಾಜನೀತಿ ಓದುವವರು ಅದನ್ನು ಪಟ್ಟಿಯೆಂದು ದಾಟಿಹೋಗುತ್ತಾರೆ. ಆಯುಧದ ರುಚಿ ಹತ್ತಿದವರಿಗೆ ಅದು ಮತ್ತೆ ಮತ್ತೆ ಓದುವ ಪುಟ.

ಬಿಲ್ಲುಗಳಿಗೆ ಕೌಟಿಲ್ಯ ನಾಲ್ಕು ಸಾಮಗ್ರಿ ಹೇಳುತ್ತಾನೆ: ತಾಳೆ, ಬಿದಿರು, ಮರ, ಕೋಡು. ಹೆದೆಗೆ ನಾರುಗಳ ಜೊತೆ ಪ್ರಾಣಿಯ ನರವನ್ನೂ ಸೇರಿಸುತ್ತಾನೆ. ಬಾಣದ ಮೊನೆ ಕಬ್ಬಿಣದ್ದಾಗಬಹುದು, ಎಲುಬಿನದಾಗಬಹುದು, ಮರದ್ದಾಗಬಹುದು. ಕತ್ತಿಯ ಹಿಡಿ ಖಡ್ಗಮೃಗದ ಕೋಡು, ಎಮ್ಮೆಯ ಕೋಡು, ಆನೆಯ ದಂತ, ಮರ, ಇಲ್ಲವೇ ಬಿದಿರಿನ ಬೇರು. ಕವಚಗಳಲ್ಲಿ ಕಬ್ಬಿಣದ ಬಲೆಯದು, ನೂಲಿನದು ಇದ್ದೇ ಇವೆ. ಅವುಗಳ ಪಕ್ಕದಲ್ಲೇ ಶಿಂಶುಮಾರ, ಖಡ್ಗಮೃಗ, ಕಾಡುಕೋಣ, ಆನೆ, ಹಸುಗಳ ತೊಗಲು, ಗೊರಸು, ಕೋಡುಗಳನ್ನು ಕೂಡಿಸಿ ಮಾಡಿದ ಕವಚವೂ ಇದೆ. ಎಣಿಸಿ, ಬೆಲೆ ಕಟ್ಟಿ, ಹುಳು ಹಿಡಿಯದಂತೆ ಕಾಯಬೇಕಾದ ಸರಕಾರಿ ಸಾಮಾನು ಇದು.

ಕೋಡನ್ನೇ ಯಾಕೆ ಆರಿಸಿದರು ಎಂಬುದಕ್ಕೆ ಗಟ್ಟಿ ಕಾರಣವಿದೆ. ಬಿಲ್ಲು ಬಾಗಿದಾಗ ಬಿಲ್ಲುಗಾರನ ಕಡೆಯ ಮೈ ಒತ್ತಿಕೊಳ್ಳುತ್ತದೆ, ಗುರಿಯ ಕಡೆಯ ಮೈ ಹಿಗ್ಗುತ್ತದೆ. ಎಮ್ಮೆಯ ಕೋಡು ಒತ್ತಡ ತಡೆಯುವುದರಲ್ಲಿ ಮರಕ್ಕಿಂತ ಗಟ್ಟಿ, ಪ್ರಾಣಿಯ ನರ ಎಳೆತ ತಡೆಯುವುದರಲ್ಲಿ ಗಟ್ಟಿ. ನಡುವೆ ತೆಳುವಾದ ಮರ, ಒಳಮೈಗೆ ಕೋಡು, ಹೊರಮೈಗೆ ನರ, ಎಲ್ಲವನ್ನೂ ಹಿಡಿದಿಡಲು ತೊಗಲು ಕುದಿಸಿ ತೆಗೆದ ಅಂಟು. ಹೀಗೆ ಕೂಡಿಸಿದ್ದು ಒಣಗಿ ಹದಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ಆಮೇಲೆ ಮೋಟು ಬಿಲ್ಲೊಂದು ಉದ್ದನೆಯ ಮರದ ಬಿಲ್ಲಿಗೆ ಸಮನಾಗಿ ಬಾಣ ಬಿಡುತ್ತದೆ. ಕುದುರೆ ಸವಾರನಿಗೆ, ರಥದಲ್ಲಿ ನಿಂತವನಿಗೆ ಬೇಕಾದದ್ದು ಇದೇ. ದೋಷವೂ ಒಂದಿದೆ: ಮಳೆಗಾಲದ ತೇವಕ್ಕೆ ಅಂಟು ಬಿಡುತ್ತದೆ.

ಕಮತಗಿಯವರು ಶಾರ್ಙ್ಗ ನೋಡಲು ಬಹಳ ದೂರ ಹೋಗಬೇಕಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಎಂಟು ತೋಳಿನ ವಿಷ್ಣು ಬಿಲ್ಲು ಹಿಡಿದು ನಿಂತಿದ್ದಾನೆ. ಮಂಗಳೇಶನ ಶಾಸನ ಅದನ್ನು ಕ್ರಿ.ಶ. 578ರದ್ದೆಂದು ಹೇಳುತ್ತದೆ. ಅದೇ ವಿಷ್ಣುವಿನ ಕೈಯ ಶಂಖವನ್ನೂ ಗಮನಿಸಬೇಕು. ಗುರು ಸಾಂದೀಪನಿಯ ಮಗನನ್ನು ಹುಡುಕುತ್ತ ಕಡಲಿಗಿಳಿದ ಕೃಷ್ಣ ಪಂಚಜನನೆಂಬ ಅಸುರನನ್ನು ಕೊಂದು, ಅವನ ಮೈಯಿಂದ ತೆಗೆದುಕೊಂಡದ್ದು ಪಾಂಚಜನ್ಯ. ಕುರುಕ್ಷೇತ್ರದಲ್ಲಿ ಮೊಳಗಿದ್ದು ಸತ್ತ ವೈರಿಯ ಚಿಪ್ಪು. ಗಜಾಸುರನ ತೊಗಲು ಹೊದ್ದ ಶಿವನ ಕಥೆಯೂ ಈ ಸಾಲಿನದೇ. ಶಿವಪುರಾಣದಲ್ಲಿ, ತನ್ನ ತೊಗಲನ್ನು ನೀನೇ ಹೊದೆಯಬೇಕು ಎಂದು ಸಾಯುವ ಅಸುರನೇ ಬೇಡಿಕೊಳ್ಳುತ್ತಾನೆ. ಕಲ್ಲಿನಲ್ಲಿ ಈ ಕಥೆಯನ್ನು ಹಳೇಬೀಡಿನ ಹೊಯ್ಸಳ ಶಿಲ್ಪಿಗಳು ತೋರಿಸಿದಷ್ಟು ಸೊಗಸಾಗಿ ತೋರಿಸಿದವರು ಕಡಿಮೆ. ಶಿವನ ಸುತ್ತ ಹರಡಿಕೊಂಡ ಆನೆಯ ತೊಗಲು ತೊಗಲಾಗಿಯೇ ಕಾಣುತ್ತದೆ, ಆಭರಣವಾಗಿ ಅಲ್ಲ.

ಜಪಾನಿನ ಮಾನ್‌ಸ್ಟರ್ ಹಂಟರ್ ಎಂಬ ವಿಡಿಯೊ ಗೇಮ್ 2004ರಲ್ಲಿ ಬಂದ ಮೇಲೆ ಮೃಗವನ್ನು ಕೊಂದು ಅದರ ಹಲ್ಲು, ಮೂಳೆ, ಚಿಪ್ಪಿನಿಂದ ಕತ್ತಿ ಕವಚ ಮಾಡಿಕೊಳ್ಳುವುದು ಹುಡುಗರಿಗೆಲ್ಲ ಪರಿಚಿತ. ಅದನ್ನು ಹಳಿಯುವ ಹಿರಿಯರ ಜೊತೆ ಈ ಅಂಕಣ ಇಲ್ಲ. ಯಾವ ಮೃಗದ ಯಾವ ಭಾಗ ಎಂದು ಆ ಆಟ ಕೇಳುತ್ತದೆ. ಚಿನ್ನ ಬಳಿಯುವವರು ಅಷ್ಟನ್ನೂ ಕೇಳುವುದಿಲ್ಲ. ಆಟದಲ್ಲಿ ಇಲ್ಲದಿರುವುದು ದಧೀಚಿ. ಅಲ್ಲಿ ಎಲ್ಲವೂ ಕೊಂದು ತಂದದ್ದು, ಕೇಳಿ ತಂದದ್ದು ಯಾವುದೂ ಇಲ್ಲ.

ಹೊರಗಿನ ಲೋಕದಲ್ಲಿರುವ ಎರಡು ವಸ್ತುಗಳನ್ನು ಮಾತ್ರ ಇಲ್ಲಿ ಹೆಸರಿಸಬೇಕು. ಹೋಮರನ ಇಲಿಯಡ್‌ನಲ್ಲಿ ಒಡಿಸಿಯಸ್ ಕಾಡುಹಂದಿಯ ದಾಡೆಗಳನ್ನು ಜೋಡಿಸಿದ ಶಿರಸ್ತ್ರಾಣ ಧರಿಸುತ್ತಾನೆ. ಅಂಥವೇ ಶಿರಸ್ತ್ರಾಣಗಳು ಗ್ರೀಸಿನ ಮೈಸಿನಿ ಕಾಲದ ಗೋರಿಗಳಲ್ಲಿ ಸಿಕ್ಕಿವೆ. ನಮ್ಮ ನೆಲದ ಚಿಪ್ಪುಹಂದಿಯ ಚಿಪ್ಪುಗಳಿಂದ ಹೊಲಿದು, ಚಿನ್ನದ ಕುಸುರಿ ಮಾಡಿದ ಕವಚವೊಂದನ್ನು ಗವರ್ನರ್ ಜನರಲ್ ಹೇಸ್ಟಿಂಗ್ಸ್ 1820ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್‌ಗೆ ಕೊಟ್ಟ. ಅದೀಗ ಅಲ್ಲಿನ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿದೆ.

ಕಥೆಯ ವಜ್ರ ಕರ್ನಾಟಕದಲ್ಲಿ ಕೈಗೆ ಸಿಗುವ ವಸ್ತುವೂ ಹೌದು. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ. ಬೆರಳಿಗೆ ತೊಡುವ ಆ ಮೊನೆಗಳ ಆಯುಧವನ್ನು ದಂತದಿಂದ, ಕೋಡಿನಿಂದ ಮಾಡುವುದು ಹಳೆಯ ರೂಢಿ. ಒಬ್ಬನ ತಲೆಯಿಂದ ರಕ್ತ ಒಸರಿದ ಕೂಡಲೇ ಕಾಳಗ ನಿಲ್ಲುತ್ತದೆ. ಇಂದ್ರನ ಆಯುಧದ ಹೆಸರು ಹೊತ್ತ ಈ ಪುಟ್ಟ ವಸ್ತುವಿಗೆ ಯಾರೂ ಚಿನ್ನ ಬಳಿದಿಲ್ಲ.

ಈ ವಿಷಯ ಬರೆದಾಗಲೆಲ್ಲ ಅಂಕಣಕ್ಕೆ ಬರುವ ಇನ್ನೊಂದು ಬಗೆಯ ಕಾಗದಕ್ಕೂ ಇಲ್ಲೇ ಉತ್ತರ ಹೇಳಿಬಿಡಬೇಕು. ಅಜ್ಜನ ಕಾಲದ ಜಿಂಕೆ ಕೋಡು ಮನೆಯಲ್ಲಿದೆ, ಆಟಕ್ಕೆ ನಿಜವಾದದ್ದನ್ನೇ ಬಳಸಬಹುದೇ ಎಂದು ಕೇಳುವವರಿದ್ದಾರೆ. ಬಳಸಬೇಡಿ. ಕೃಷ್ಣಮೃಗದ ಕೋಡಿರಲಿ, ಹುಲಿಯ ಉಗುರಿರಲಿ, ದಂತವಿರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಲೀಕತ್ವದ ಪತ್ರವಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕಗಳ ಸುದ್ದಿ ಎಷ್ಟು ಮನೆಗಳ ಕಪಾಟು ತೆಗೆಸಿತು ಎಂಬುದು ಎಲ್ಲರಿಗೂ ನೆನಪಿದೆ. ಬಾಗಲಕೋಟೆ ಜಿಲ್ಲೆಯಲ್ಲೇ, ಯಡಹಳ್ಳಿಯ ಕುರುಚಲು ಕಾಡನ್ನು 2016ರಲ್ಲಿ ಚಿಂಕಾರಗಳಿಗಾಗಿ ವನ್ಯಧಾಮ ಮಾಡಲಾಗಿದೆ. ಕೋಡು ಅವುಗಳ ತಲೆಯ ಮೇಲೆ ಇರಲಿ. ಮನೆಯಲ್ಲಿ ಪತ್ರವಿಲ್ಲದ ಕೋಡು, ಉಗುರು ಇದ್ದವರು ವಕೀಲರನ್ನೋ ಹತ್ತಿರದ ಅರಣ್ಯ ಇಲಾಖೆಯ ಕಚೇರಿಯನ್ನೋ ವಿಚಾರಿಸಿ ಒಪ್ಪಿಸಿಬಿಡಿ. ಆಟಕ್ಕೆ ಹಗುರ ಮರ, ಸುಣ್ಣ, ಅದರೊಳಗೆ ಚಿಟಿಕೆ ಕೆಮ್ಮಣ್ಣು ಸಾಕು.