ಎರಡು ಕಲಮುಗಳ ನಡುವೆ ಸಿಕ್ಕಿದ ಮಗು

ಇಂಗ್ಲೆಂಡಿನ 1601ರ ಬಡವರ ಕಾಯ್ದೆಯನ್ನು ಹೊಗಳುವವರ ಮಾತಿನಲ್ಲಿ ಸತ್ಯವಿದೆ. ದಿಕ್ಕಿಲ್ಲದವರ ಹೊಟ್ಟೆ ತುಂಬಿಸುವುದು ದಾನಿಗಳ ಮರ್ಜಿಯಲ್ಲ, ಊರಿನ ಹೊಣೆ ಎಂದು ಅದು ಇಡೀ ದೇಶಕ್ಕೆ ವಿಧಿಸಿತು. ಚರ್ಚಿನ ಸುತ್ತ ಕಟ್ಟಿಕೊಂಡ ಪ್ಯಾರಿಷ್ ಎಂಬ ಪ್ರತಿಯೊಂದು ಘಟಕದಲ್ಲೂ ಮೇಲ್ವಿಚಾರಕರನ್ನು ನೇಮಿಸಿ, ಅನುಕೂಲಸ್ಥರಿಂದ ತೆರಿಗೆ ಎತ್ತಿಸಿತು. ಕಾಲಿಲ್ಲದವರು, ಕಣ್ಣಿಲ್ಲದವರು, ಮುದುಕರು, ದುಡಿಯಲಾರದವರು ಎಲ್ಲರಿಗೂ ಆ ಹಣದಲ್ಲಿ ಪಾಲಿತ್ತು. ಆ ಕಾಲಕ್ಕೆ ಇದು ಸಣ್ಣ ಸಾಧನೆಯಲ್ಲ. ಆದರೆ ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಅಂಗವಿಕಲ ಮಗುವನ್ನು ಕಣ್ಣಮುಂದಿಟ್ಟುಕೊಂಡು ಓದಿದರೆ ಕಾಯ್ದೆಯ ಬಿರುಕು ಎದ್ದು ಕಾಣುತ್ತದೆ.

ಬಡ ಮಕ್ಕಳಿಗೆ ಕಾಯ್ದೆ ತೋರಿಸಿದ ಮುಖ್ಯ ದಾರಿ: ಯಾರಾದರೂ ಯಜಮಾನನ ಬಳಿ ಕಸುಬಿಗೆ ಬಿಡುವುದು. ಗಂಡುಮಕ್ಕಳು 24 ವರ್ಷ ತುಂಬುವವರೆಗೆ, ಹೆಣ್ಣುಮಕ್ಕಳು 21 ತುಂಬುವವರೆಗೆ ಅಥವಾ ಮದುವೆಯಾಗುವವರೆಗೆ ಅವನ ಮನೆಯಲ್ಲಿರಬೇಕು. ಯಜಮಾನ ಲೆಕ್ಕ ಹಾಕುತ್ತಿದ್ದುದು ಮಗುವಿನ ದುಡಿಮೆಯನ್ನು. ನೇಗಿಲು ಹಿಡಿಯಲಾರದ, ನೂಲು ತೆಗೆಯಲಾರದ ಮಗುವನ್ನು ಅವನೇಕೆ ಕರೆದೊಯ್ದಾನು? ಮಕ್ಕಳ ಕಲಮು ಕಸುಬು ಕೊಟ್ಟಿತು, ದುಡಿಯಬಲ್ಲ ಮೈಯನ್ನು ಕೇಳಿತು. ಅಶಕ್ತರ ಕಲಮು ಅನ್ನ ಕೊಟ್ಟಿತು, ಮುಂದೇನು ಎಂದು ಕೇಳಲಿಲ್ಲ. ಮುದುಕನಿಗೆ ಅಷ್ಟು ಸಾಕಾಗಬಹುದು. ಎಂಟು ವರ್ಷದ ಮಗುವಿಗೆ ಬದುಕೆಲ್ಲ ಮುಂದಿದೆ.

ಯುದ್ಧದ ಕಾನೂನುಗಳಾದರೂ ಕೈಹಿಡಿದವೇ? ಗಾಯಗೊಂಡ ಸೈನಿಕರಿಗೂ ನಾವಿಕರಿಗೂ ಕೌಂಟಿಯ ಖಜಾನೆಯಿಂದ ಪಿಂಚಣಿ ಕೊಡುವ ಕಾಯ್ದೆ 1593ರಲ್ಲೇ ಬಂದಿತ್ತು. ಸತ್ತವನ ಮಕ್ಕಳಿಗೆ ಅದರಲ್ಲಿ ಜಾಗವಿರಲಿಲ್ಲ. 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಶುರುವಾದಾಗ ಪಾರ್ಲಿಮೆಂಟು ತನ್ನ ಕಡೆಯ ಸೈನಿಕರ ವಿಧವೆಯರಿಗೂ ಅನಾಥರಿಗೂ ನೆರವಿನ ಭರವಸೆ ಕೊಟ್ಟಿತು. 1647ರ ಆಜ್ಞೆ ಅದಕ್ಕೊಂದು ರೂಪ ಕೊಟ್ಟಿತು. ಇದು ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೂ ಅಳತೆಗೋಲು ತಂದೆಯ ಸೇವೆ. ಅವನು ಯಾರ ಪಕ್ಷದಲ್ಲಿ ಕಾದಾಡಿದ, ಅದಕ್ಕೆ ಯಾವ ಅಧಿಕಾರಿಯ ಪತ್ರವಿದೆ ಎಂಬುದು ಮೊದಲು ತೀರ್ಮಾನವಾಗಬೇಕು. ಮೂರು ತಿಂಗಳಿಗೊಮ್ಮೆ ಸೇರುವ ನ್ಯಾಯಸಭೆಯ ಮುಂದೆ ಅರ್ಜಿ ಹಿಡಿದು ನಿಂತವಳು ಸಾಮಾನ್ಯವಾಗಿ ತಾಯಿ. ಮಕ್ಕಳು ಅವಳ ಅರ್ಜಿಯಲ್ಲಿ ಒಂದು ಸಾಲು. ತಾಯಿಯೂ ತೀರಿಕೊಂಡರೆ ಆ ಸಾಲನ್ನು ಬರೆಸುವವರು ಯಾರು? 1660ರಲ್ಲಿ ರಾಜಪ್ರಭುತ್ವ ಮರಳಿತು. ಪಾರ್ಲಿಮೆಂಟಿನ ಸೈನಿಕರ ಪಿಂಚಣಿ ನಿಂತುಹೋಯಿತು. 1662ರ ಹೊಸ ಕಾಯ್ದೆ ರಾಜನ ಕಡೆಯವರಿಗೆ. ಮಗುವಿನ ಹಸಿವು ಪಕ್ಷ ಬದಲಿಸಿರಲಿಲ್ಲ.

ನನಗೆ ಹೆಚ್ಚು ಮೆಚ್ಚುಗೆಯಾಗುವುದು ಇದೆಲ್ಲಕ್ಕೂ ಮೊದಲು ನಾರ್ವಿಚ್ ನಗರ ಮಾಡಿದ ಕೆಲಸ. 1570ರಲ್ಲಿ ಅದು ಮನೆಮನೆಗೆ ಹೋಗಿ ಸುಮಾರು 2,300 ಬಡವರ ಗಣತಿ ಮಾಡಿಸಿತು. ಹೆಸರು, ವಯಸ್ಸು, ಮೈಯ ಊನ, ಮಾಡುವ ಕೆಲಸ ಎಲ್ಲವೂ ದಾಖಲಾದವು. ಆಮೇಲೆ ಬಡವರ ಚಿಕಿತ್ಸೆಗೆಂದು ನಗರದ ಹಣದಿಂದಲೇ ವೈದ್ಯರನ್ನೂ ಮದ್ದು ಬಲ್ಲ ಹೆಂಗಸರನ್ನೂ ಗೊತ್ತುಮಾಡಿತು. ಮತ್ತೆ ದುಡಿಮೆಗೆ ಹಚ್ಚುವುದೇ ಅದರ ಉದ್ದೇಶ, ನಿಜ. ಚಿಕ್ಕ ಮಕ್ಕಳನ್ನೂ ನೂಲುವುದಕ್ಕೆ ಕೂರಿಸಿದ ಕಾಲ ಅದು. ಆದರೂ ನೆರವಿಗೆ ಮುಂಚೆ ಬಡವನ ಮೈಯನ್ನೂ ಮನೆಯನ್ನೂ ನೋಡಬೇಕು ಎಂಬ ತಿಳಿವಳಿಕೆ ಅಲ್ಲಿತ್ತು. ಮೂವತ್ತೊಂದು ವರ್ಷಗಳ ನಂತರ ಬಂದ 1601ರ ಕಾಯ್ದೆ ದೇಶವ್ಯಾಪಿ ತೆರಿಗೆಯನ್ನು ಗಟ್ಟಿಗೊಳಿಸಿತು, ಚಿಕಿತ್ಸೆಯನ್ನು ಕಡ್ಡಾಯ ಮಾಡಲಿಲ್ಲ. ಗಾಯಗೊಂಡ ತಂದೆಗೆ ಪಿಂಚಣಿ ಕೊಡಬಲ್ಲ ರಾಜ್ಯ ಅವನ ಅಂಗವಿಕಲ ಮಗುವಿಗೆ ಒಂದು ಕಸುಬನ್ನೂ ಹುಡುಕಿಕೊಡಬಹುದಿತ್ತು. ಹುಡುಕಲಿಲ್ಲ. ಈ ಒಂದು ವಿಷಯದಲ್ಲಿ 1601ರ ಕಾಯ್ದೆ ಸೋತಿತು ಎಂದೇ ನನ್ನ ತೀರ್ಮಾನ.